ಹೊರಗೆ ಜಡಿಮಳೆ, ಡಿಸ್‌ಪ್ಲೇ ಮೇಲೆ ಬರೀ ಗೆರೆ: ವೆದರ್ ಸ್ಟೇಷನ್ ಸಿಗ್ನಲ್ ಎಲ್ಲಿ ತಪ್ಪುತ್ತದೆ?

ಕಾಫಿ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು, ಸೆಂಟಿನಲ್ಲೇ ನಡೆಯುತ್ತದೆ. ಒಂದು ಇಂಚಿಗೆ ನೂರು ಸೆಂಟು. ಮೂಡಿಗೆರೆಯವರು ಸಕಲೇಶಪುರದ ನೆಂಟರಿಗೆ ಫೋನ್ ಮಾಡಿ "ನಿನ್ನೆ ನಿಮ್ಮಲ್ಲಿ ಎಷ್ಟು?" ಎಂದರೆ "ಎಪ್ಪತ್ತು ಸೆಂಟು" ಎಂಬ ಉತ್ತರ ಬರುತ್ತದೆ. ಯಾವುದರ ಎಷ್ಟು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆಯ ಹೂಮಳೆ ಒಂದು ಇಂಚಿನ ಹತ್ತಿರ ಬಂತೋ ಇಲ್ಲವೋ ಎಂಬುದರ ಮೇಲೆ ಸ್ಪ್ರಿಂಕ್ಲರ್ ಹೂಡಬೇಕೇ ಬೇಡವೇ ಎಂಬ ತೀರ್ಮಾನ ನಿಂತಿರುತ್ತದೆ. ಹಾಗಾಗಿ ಇದು ಕುತೂಹಲದ ಲೆಕ್ಕವಲ್ಲ, ಪಂಪಿನ ಡೀಸೆಲ್ಲಿನ ಲೆಕ್ಕ.

ಬೆಳಿಗ್ಗೆ ಎದ್ದು ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಡೈರಿಯಲ್ಲಿ ಬರೆಯುವ ಕೆಲಸವನ್ನು ಈಗ ಹಲವು ಮನೆಗಳಲ್ಲಿ ತಂತಿಯಿಲ್ಲದ ವೆದರ್ ಸ್ಟೇಷನ್ ಮಾಡುತ್ತಿದೆ. ಹೊರಗೆ ಕಂಬದ ಮೇಲೊಂದು ಸೆನ್ಸರ್, ಒಳಗೆ ಗೋಡೆಯ ಮೇಲೊಂದು ಡಿಸ್‌ಪ್ಲೇ. ಬಿಸಿಲುಕಾಲವಿಡೀ ಅಚ್ಚುಕಟ್ಟಾಗಿ ನಡೆದ ಈ ಯಂತ್ರ, ಮುಂಗಾರು ಹಿಡಿದು ಲೆಕ್ಕ ನಿಜವಾಗಿಯೂ ಬೇಕಾದ ಹೊತ್ತಿಗೆ ಅಂಕಿಗಳ ಜಾಗದಲ್ಲಿ ಗೆರೆ ಎಳೆದು ಕೂರುತ್ತದೆ. ಯಂತ್ರ ಕೆಟ್ಟಿತು ಎಂದುಕೊಂಡು ಹೊಸದನ್ನು ತರಿಸುವವರಿದ್ದಾರೆ. ಬಹಳಷ್ಟು ಸಲ ಕೆಟ್ಟಿರುವುದು ಯಂತ್ರವಲ್ಲ, ಎರಡು ಪೆಟ್ಟಿಗೆಗಳ ನಡುವಿನ ಸಂಪರ್ಕ. ಅದು ಎಲ್ಲಿ ತಪ್ಪಿತು, ಯಾವಾಗ ತಪ್ಪುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ರಿಪೇರಿ ಅರ್ಧ ಮುಗಿದಂತೆ.

ಒಳಗೇನಿದೆ?

ಹೊರಗಿನ ಸೆನ್ಸರ್ ಘಟಕದಲ್ಲಿ ಉಷ್ಣತೆ, ತೇವಾಂಶ, ಗಾಳಿ, ಮಳೆ ಅಳೆಯುವ ಭಾಗಗಳಿರುತ್ತವೆ. ಮಳೆ ಅಳೆಯುವುದು ಒಂದು ಪುಟ್ಟ ತೊಟ್ಟಿಲಿನಂಥ ಬಟ್ಟಲು. ನಿಗದಿತ ಪ್ರಮಾಣದ ನೀರು ತುಂಬಿದೊಡನೆ ಅದು ಒಂದು ಬದಿಗೆ ಮಗುಚಿಕೊಂಡು, ಇನ್ನೊಂದು ಬದಿಯ ಬಟ್ಟಲನ್ನು ಮಳೆಗೆ ಒಡ್ಡುತ್ತದೆ. ಹೀಗೆ ಮಗುಚಿದ್ದನ್ನು ಎಣಿಸಿದರೆ ಮಳೆಯ ಲೆಕ್ಕ ಸಿಗುತ್ತದೆ. ಕೆಲವು ಮಾದರಿಗಳಲ್ಲಿ ಒಂದು ಮಗುಚಿಗೆ 0.2 ಮಿಲಿಮೀಟರ್, ಕೆಲವದರಲ್ಲಿ 0.254 ಮಿಲಿಮೀಟರ್. ಎರಡನೆಯದು ಇಂಚಿನ ನೂರನೇ ಒಂದು ಭಾಗ, ಅಂದರೆ ನಮ್ಮ ಲೆಕ್ಕದ ಒಂದು ಸೆಂಟು ಸರಿಯಾಗಿ.

ಈ ಅಂಕಿಗಳನ್ನು ಸೆನ್ಸರ್ ರೇಡಿಯೊ ಅಲೆಯ ಮೂಲಕ ಒಳಗಿನ ಡಿಸ್‌ಪ್ಲೇಗೆ ಕಳಿಸುತ್ತದೆ. ಇದು ಮೊದಲ ಕೊಂಡಿ. ಡಿಸ್‌ಪ್ಲೇಯಲ್ಲಿ ವೈಫೈ ಇದ್ದರೆ ಅದೇ ಅಂಕಿಗಳು ಮನೆಯ ರೂಟರ್ ಮೂಲಕ ಇಂಟರ್‌ನೆಟ್ಟಿಗೆ ಹೋಗಿ ನಿಮ್ಮ ಮೊಬೈಲಿಗೆ ಬರುತ್ತವೆ. ಇದು ಎರಡನೆಯ ಕೊಂಡಿ. ಎರಡಕ್ಕೂ ಜನ ಒಟ್ಟಾಗಿ "ಸಿಗ್ನಲ್" ಎನ್ನುವುದರಿಂದಲೇ ಗೊಂದಲ ಶುರುವಾಗುತ್ತದೆ. ಒಂದು ಕೆಟ್ಟಾಗ ಇನ್ನೊಂದನ್ನು ರಿಪೇರಿ ಮಾಡುತ್ತಾ ಕೂರುತ್ತಾರೆ.

ಮೊದಲು ಡಿಸ್‌ಪ್ಲೇ ನೋಡಿ, ಮೊಬೈಲನ್ನಲ್ಲ

ಗೋಡೆಯ ಡಿಸ್‌ಪ್ಲೇಯಲ್ಲಿ ಹೊರಗಿನ ಉಷ್ಣತೆ ಸರಿಯಾಗಿ ಬರುತ್ತಿದೆ, ಮೊಬೈಲಿನಲ್ಲಿ ಮಾತ್ರ ಹಳೆಯ ಅಂಕಿ ನಿಂತುಬಿಟ್ಟಿದೆ ಎಂದರೆ ಸೆನ್ಸರಿನ ತಂಟೆಗೆ ಹೋಗಬೇಡಿ. ಅದು ವೈಫೈ ಅಥವಾ ಇಂಟರ್‌ನೆಟ್ ಸಮಸ್ಯೆ.

ಹೊರಗಿನ ಅಂಕಿಗಳೆಲ್ಲವೂ ಗೆರೆಗಳಾಗಿ, ಒಳಗಿನ ಉಷ್ಣತೆ ಮಾತ್ರ ಕಾಣುತ್ತಿದ್ದರೆ ರೇಡಿಯೊ ಕೊಂಡಿ ತಪ್ಪಿದೆ. ಒಳಗಿನ ಉಷ್ಣತೆಯನ್ನು ಡಿಸ್‌ಪ್ಲೇ ತಾನೇ ಅಳೆಯುತ್ತದೆ, ಅದಕ್ಕೆ ಸೆನ್ಸರ್ ಬೇಕಿಲ್ಲ.

ಮೂರನೆಯದು ಬಹಳ ಜನ ಎಡವುವ ಜಾಗ. ಹೊರಗೆ ಧೋ ಎಂದು ಸುರಿಯುತ್ತಿದೆ, ಡಿಸ್‌ಪ್ಲೇಯಲ್ಲಿ ಉಷ್ಣತೆ, ಗಾಳಿ ಎಲ್ಲವೂ ಬದಲಾಗುತ್ತಿವೆ, ಮಳೆ ಮಾತ್ರ ಸೊನ್ನೆ. ಒಂದೇ ಘಟಕದ ಬೇರೆ ಅಂಕಿಗಳು ಬರುತ್ತಿವೆ ಎಂದರೆ ಸಿಗ್ನಲ್ ಗಟ್ಟಿಯಾಗಿಯೇ ಇದೆ. ತಪ್ಪಿರುವುದು ಮಳೆ ಬಟ್ಟಲು. ಕೊಳವೆಯ ತೂತಿಗೆ ಸಿಲ್ವರ್ ಓಕ್ ಎಲೆಯ ಚೂರು ಸಿಕ್ಕಿಕೊಂಡಿರಬಹುದು, ಬಟ್ಟಲಿಗೆ ಅಡ್ಡಲಾಗಿ ಜೇಡ ಬಲೆ ಕಟ್ಟಿರಬಹುದು, ಇರುವೆ ಮಣ್ಣು ತುಂಬಿರಬಹುದು. ಒಂದು ಎಳೆ ಬಲೆ ಸಾಕು, ಬಟ್ಟಲು ಮಗುಚುವುದಿಲ್ಲ. ಮುಚ್ಚಳ ತೆಗೆದು ಮೃದುವಾದ ಬ್ರಷ್ಷಿನಿಂದ ಗುಡಿಸಿದರೆ ಮುಗಿಯಿತು. ಇದಕ್ಕೆ ಬ್ಯಾಟರಿ ಬದಲಿಸುವುದೂ ಬೇಡ, ಡಿಸ್‌ಪ್ಲೇ ಜಾಗ ಬದಲಿಸುವುದೂ ಬೇಡ.

ಸೆನ್ಸರ್ ಸದಾ ಮಾತಾಡುವುದಿಲ್ಲ

ಬ್ಯಾಟರಿ ಉಳಿಸಲು ಸೆನ್ಸರ್ ತನ್ನ ಅಂಕಿಗಳನ್ನು ಕಣ್ಣುಮಿಟುಕಿಸುವಷ್ಟು ಹೊತ್ತಿನಲ್ಲಿ ಕಳಿಸಿ ಸುಮ್ಮನಾಗುತ್ತದೆ. ಕೆಲವು ಮಾದರಿಗಳು ಪ್ರತಿ 16 ಸೆಕೆಂಡಿಗೊಮ್ಮೆ, ಕೆಲವು ನಿಮಿಷಕ್ಕೊಮ್ಮೆ. ಬ್ಯಾಟರಿಯಲ್ಲಿ ನಡೆಯುವ ಹಲವು ಡಿಸ್‌ಪ್ಲೇಗಳು ಕೂಡ ಸದಾ ಕಿವಿ ತೆರೆದಿರುವುದಿಲ್ಲ, ಸೆನ್ಸರ್ ಕಳಿಸುವ ಕ್ಷಣಕ್ಕೆ ಸರಿಯಾಗಿ ಎಚ್ಚರಾಗುತ್ತವೆ. ದಿನಕ್ಕೆ ಎರಡೇ ಬಸ್ ಇರುವ ಊರಿನವರು ಬೆಳಗಿನಿಂದ ರಸ್ತೆಬದಿಯಲ್ಲಿ ನಿಲ್ಲುವುದಿಲ್ಲ, ಬಸ್ಸಿನ ಹೊತ್ತಿಗೆ ಹೋಗುತ್ತಾರೆ. ಬಸ್ಸಿನ ವೇಳೆ ಬದಲಾಗಿ, ಅದು ಇವರಿಗೆ ತಿಳಿಯದಿದ್ದರೆ ಬಸ್ಸೂ ಓಡುತ್ತಿರುತ್ತದೆ, ಜನರೂ ಹೋಗಿ ನಿಲ್ಲುತ್ತಿರುತ್ತಾರೆ, ಭೇಟಿ ಮಾತ್ರ ಆಗುವುದಿಲ್ಲ. ಸೆನ್ಸರ್ ಮತ್ತು ಡಿಸ್‌ಪ್ಲೇ ನಡುವೆ ಆಗುವುದೂ ಇದೇ. ಕೆಲವು ಸಂದೇಶಗಳು ಸತತವಾಗಿ ತಪ್ಪಿದರೆ ಹೊಂದಾಣಿಕೆ ಕಳೆದುಹೋಗುತ್ತದೆ. ಡಿಸ್‌ಪ್ಲೇ ಸ್ವಲ್ಪ ಹೊತ್ತು ಹುಡುಕಿ, ಸಿಗದಿದ್ದರೆ ಗೆರೆ ಎಳೆಯುತ್ತದೆ.

ಬ್ಯಾಟರಿ ಬದಲಿಸಿದ ಮೇಲೆಯೇ ಪೂರಾ ನಿಂತುಹೋಯಿತು ಎಂಬ ದೂರಿಗೂ ಕಾರಣ ಇಲ್ಲೇ ಇದೆ. ಅನೇಕ ಸೆನ್ಸರುಗಳು ಬ್ಯಾಟರಿ ತೆಗೆದು ಹಾಕಿದಾಗ ತಮಗೆ ಹೊಸ ಗುರುತಿನ ಸಂಖ್ಯೆ ಕೊಟ್ಟುಕೊಳ್ಳುತ್ತವೆ. ಡಿಸ್‌ಪ್ಲೇ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ. ಆಗ ಎರಡನ್ನೂ ಮತ್ತೆ ಜೋಡಿಸಬೇಕು. ಎರಡರ ಬ್ಯಾಟರಿಯನ್ನೂ ತೆಗೆದು ಕೆಲವು ನಿಮಿಷ ಬಿಡಿ. ಡಿಸ್‌ಪ್ಲೇಗೆ ಅಡಾಪ್ಟರ್ ಇದ್ದರೆ ಅದನ್ನೂ ಕಿತ್ತಿಡಿ. ಎರಡನ್ನೂ ಒಂದೇ ಕೋಣೆಯಲ್ಲಿ ಎರಡು ಮೂರು ಮೀಟರ್ ಅಂತರದಲ್ಲಿ ಇಡಿ. ತೀರಾ ಒತ್ತಾಗಿ ಇಟ್ಟರೆ ಸಿಗ್ನಲ್ ವಿಪರೀತ ಜೋರಾಗಿ ಡಿಸ್‌ಪ್ಲೇಗೆ ಅರ್ಥವಾಗದೆ ಹೋಗಬಹುದು. ಸಾಮಾನ್ಯವಾಗಿ ಮೊದಲು ಸೆನ್ಸರಿಗೆ, ಆಮೇಲೆ ಡಿಸ್‌ಪ್ಲೇಗೆ ಬ್ಯಾಟರಿ ಹಾಕುವುದು ಕ್ರಮ. ನಿಮ್ಮ ಮಾದರಿಯ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಅಂಕಿಗಳು ಬರುವವರೆಗೆ ಯಾವ ಗುಂಡಿಯನ್ನೂ ಒತ್ತಬೇಡಿ. ಹುಡುಕಾಟದ ನಡುವೆ ಗುಂಡಿ ಒತ್ತಿದರೆ ಕೆಲವು ಡಿಸ್‌ಪ್ಲೇಗಳು ಹುಡುಕುವುದನ್ನೇ ಬಿಟ್ಟುಬಿಡುತ್ತವೆ.

ಬ್ಯಾಟರಿ ಕೀಳುವ ಮೊದಲು ಅಂದಿನ ಮಳೆ ಲೆಕ್ಕವನ್ನು ಡೈರಿಗೆ ಬರೆದುಕೊಳ್ಳುವುದು ಒಳ್ಳೆಯದು. ಬಹುತೇಕ ಮಾದರಿಗಳಲ್ಲಿ ಸೆನ್ಸರ್ "ಈಗ ಒಂದು ಸಲ ಮಗುಚಿತು" ಎಂದು ಹೇಳುವುದಿಲ್ಲ, "ಇಲ್ಲಿಯವರೆಗೆ ಒಟ್ಟು ಇಷ್ಟು" ಎಂದು ಹೇಳುತ್ತದೆ. ಆದ್ದರಿಂದ ಒಂದೆರಡು ಗಂಟೆ ಸಿಗ್ನಲ್ ಹೋಗಿ ಮತ್ತೆ ತಾನಾಗಿಯೇ ಬಂದರೆ ನಡುವಿನ ಮಳೆ ಕಳೆದುಹೋಗಿರುವುದಿಲ್ಲ, ಒಟ್ಟಿಗೆ ಬಂದು ಸೇರುತ್ತದೆ. ಆದರೆ ಬ್ಯಾಟರಿ ತೆಗೆದರೆ ಈ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಇನ್ನೂ ಒಂದು: ಘಟಕವನ್ನು ಕಂಬದಿಂದ ಇಳಿಸುವಾಗ ಅಲುಗಾಡಿದರೆ ಬಟ್ಟಲು ಸುಮ್ಮನೆ ಮಗುಚಿ, ಬಿಸಿಲಿನ ದಿನವೂ ನಾಲ್ಕಾರು ಸೆಂಟು ಮಳೆ ದಾಖಲಾಗುತ್ತದೆ.

ಡಬ್ಬಿಯ ಮೇಲಿನ ನೂರು ಮೀಟರ್

ಪೆಟ್ಟಿಗೆಯ ಮೇಲೆ "100 ಮೀಟರ್ ವ್ಯಾಪ್ತಿ" ಎಂದು ಬರೆದಿರುತ್ತದೆ. ಸುಳ್ಳಲ್ಲ, ಆದರೆ ಅದು ನಡುವೆ ಏನೂ ಇಲ್ಲದ ಬಯಲಿನ ಮಾತು. ರೇಡಿಯೊ ಅಲೆ ದೂರ ಹೋದಷ್ಟೂ ಹರಡಿಕೊಳ್ಳುತ್ತದೆ. ದೂರ ಎರಡರಷ್ಟಾದರೆ ತಲಪುವ ಶಕ್ತಿ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಅದರ ಮೇಲೆ ಗೋಡೆ, ಮರ, ತಗಡು.

ಹಳೆಯ ತೋಟದ ಮನೆಗಳ ದಪ್ಪ ಗೋಡೆ ಅಲೆಯನ್ನು ಸಾಕಷ್ಟು ಹೀರಿಕೊಳ್ಳುತ್ತದೆ. ಮಂಗಳೂರು ಹೆಂಚಿನ ಮಾಡು ಅಷ್ಟು ತೊಂದರೆ ಕೊಡುವುದಿಲ್ಲ, ಒದ್ದೆಯಾದಾಗ ಸ್ವಲ್ಪ ತಡೆಯುತ್ತದೆ. ಆರ್‌ಸಿಸಿ ತಾರಸಿಯೊಳಗಿನ ಕಬ್ಬಿಣದ ಜಾಲ ಹೆಚ್ಚು ತಡೆಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ತಗಡಿನ ಶೀಟು. ಲೋಹ ಅಲೆಯನ್ನು ಒಳಗೆ ಬಿಡುವುದೇ ಇಲ್ಲ, ಹಿಂದಕ್ಕೆ ಹೊಡೆಯುತ್ತದೆ. ಕಣದ ಪಕ್ಕದ ಗೋದಾಮಿಗೆ ತಗಡಿನ ಮಾಡು, ತಗಡಿನ ಬಾಗಿಲು ಇದ್ದು, ಸೆನ್ಸರ್ ಅದರ ಆಚೆಗಿದ್ದರೆ ಮನೆ ಐವತ್ತು ಹೆಜ್ಜೆಯಲ್ಲಿದ್ದರೂ ಸಿಗ್ನಲ್ ಬಾರದೆ ಹೋಗಬಹುದು.

ಮಲೆನಾಡಿನ ವಿಶೇಷ ಅಡ್ಡಿ ಎಂದರೆ ಎಲೆ. ಎಲೆಯೊಳಗಿನ ನೀರು ರೇಡಿಯೊ ಶಕ್ತಿಯನ್ನು ಹೀರುತ್ತದೆ. ಮಳೆಯಲ್ಲಿ ಎಲೆಯ ಮೇಲೂ ನೀರಿನ ಪದರ ಕೂರುವುದರಿಂದ ಅದು ಇನ್ನೂ ಹೆಚ್ಚು. ಮಾರ್ಚಿನಲ್ಲಿ ನೆರಳುಮರದ ಕೊಂಬೆ ಸವರಿದ ತೋಟದಲ್ಲಿ ಹಾಯಾಗಿ ಹಾದುಬರುತ್ತಿದ್ದ ಸಿಗ್ನಲ್, ಜುಲೈಯಲ್ಲಿ ಚಿಗುರು ತುಂಬಿ ತೊಯ್ದ ಮರಗಳ ನಡುವೆ ಸೋತುಹೋಗುತ್ತದೆ. ಗಾಳಿಯಲ್ಲಿರುವ ಮಳೆಹನಿಗಳಿಂದಲೇ ಸಿಗ್ನಲ್ ಹೋಗುತ್ತದೆ ಎಂಬ ನಂಬಿಕೆಯಿದೆ. ಡಿಶ್ ಟಿವಿಯ ವಿಷಯದಲ್ಲಿ ಅದು ನಿಜ, ಏಕೆಂದರೆ ಅದು ಬಳಸುವ ಅಲೆ ಬಹಳ ಚಿಕ್ಕದು. ವೆದರ್ ಸ್ಟೇಷನ್ನಿನ ಅಲೆಗೆ ಹನಿಗಳು ಲೆಕ್ಕಕ್ಕಿಲ್ಲ, ಹಾದಿಯಲ್ಲಿರುವ ಒದ್ದೆ ಮರವೇ ಅಡ್ಡಿ.

ಇಲ್ಲೊಂದು ಇಕ್ಕಟ್ಟು ಇದೆ. ಮಳೆಮಾಪಕ ಬಯಲಲ್ಲಿರಬೇಕು. ಹತ್ತಿರದ ಮರ ಅಥವಾ ಕಟ್ಟಡ ಎಷ್ಟು ಎತ್ತರವಿದೆಯೋ ಅದರ ಎರಡರಷ್ಟಾದರೂ ದೂರದಲ್ಲಿರಬೇಕು ಎನ್ನುವುದು ಹವಾಮಾನ ಅಳತೆಯ ನಿಯಮ. ಸಿಗ್ನಲ್ ಕೇಳುವುದು ಮಾತ್ರ ಮನೆಯ ಹತ್ತಿರದ ಜಾಗವನ್ನು. ತೋಟದ ಮನೆಗಳಲ್ಲಿ ಇವೆರಡೂ ಕೂಡುವ ಜಾಗ ಬಹುಮಟ್ಟಿಗೆ ಕಾಫಿ ಕಣದ ಅಂಚು. ಕಣದ ನಡುವೆ ಬೇಡ. ಕಾದ ಸಿಮೆಂಟು ಉಷ್ಣತೆಯನ್ನು ಏರಿಸಿ ತೋರಿಸುತ್ತದೆ. ಹುಲ್ಲಿರುವ ಅಂಚಿನಲ್ಲಿ, ಮನೆಯ ಕಿಟಕಿಯಿಂದ ನೇರವಾಗಿ ಕಾಣುವ ಕಡೆ ಕಂಬ ನೆಡಿ. ಕಣ್ಣಿಗೆ ಕಾಣುವ ಸೆನ್ಸರ್ ಡಿಸ್‌ಪ್ಲೇಗೂ ಕೇಳಿಸುತ್ತದೆ ಎಂಬುದು ಒರಟು ಲೆಕ್ಕವಾದರೂ ನಂಬಬಹುದಾದ ಲೆಕ್ಕ.

ಯಾವಾಗ ಹೋಗುತ್ತದೆ?

ನನ್ನ ಮಟ್ಟಿಗೆ ಎಲ್ಲ ಪರೀಕ್ಷೆಗಳಿಗಿಂತ ಹೆಚ್ಚು ಹೇಳುವುದು ಗಡಿಯಾರ. ಸಿಗ್ನಲ್ ಹೋದ ಹೊತ್ತನ್ನು ಕೆಲವು ದಿನ ಒಂದು ಚೀಟಿಯಲ್ಲಿ ಬರೆದಿಡಿ, ಕಾರಣ ಅದರಲ್ಲೇ ಎದ್ದು ಕಾಣುತ್ತದೆ.

ರಾತ್ರಿ ಹೋಗಿ, ಬಿಸಿಲು ಬಂದ ಮೇಲೆ ಮರಳಿದರೆ ವಿದ್ಯುತ್ತಿನ ಕೊರತೆ. ಸೌರಫಲಕವಿರುವ ಸೆನ್ಸರುಗಳು ಹಗಲು ಫಲಕದ ಶಕ್ತಿಯಲ್ಲಿ ನಡೆದು, ರಾತ್ರಿ ಕೂಡಿಟ್ಟದ್ದನ್ನು ಬಳಸಿ, ಅದೂ ಮುಗಿದಾಗ ಬ್ಯಾಟರಿಗೆ ಕೈ ಹಾಕುತ್ತವೆ. ಬ್ಯಾಟರಿ ಸತ್ತಿದ್ದರೂ ಹಗಲು ಅದು ಗೊತ್ತಾಗುವುದಿಲ್ಲ. ಕೊಪ್ಪ, ಶೃಂಗೇರಿ, ಕೊಟ್ಟಿಗೆಹಾರದ ಕಡೆ ಮುಂಗಾರಿನಲ್ಲಿ ದಿನಗಟ್ಟಲೆ ಸೂರ್ಯನ ಮುಖ ಕಾಣದಿದ್ದಾಗ ಇದು ಹಗಲಿಗೂ ಹಬ್ಬುತ್ತದೆ. ಫಲಕದ ಮೇಲೆ ಪಾಚಿ ಕಟ್ಟಿದ್ದರಂತೂ ಕೇಳುವುದೇ ಬೇಡ.

ಮಳೆ ಜೋರಾದಾಗ ಹೋಗಿ, ನಿಂತು ಎಲೆ ಆರಿದ ಮೇಲೆ ಬಂದರೆ ಒದ್ದೆ ಮರದ ಅಡ್ಡಿ. ಮಳೆ ನಿಂತು ಒಂದು ದಿನವಾದರೂ ಬಾರದಿದ್ದರೆ ನೀರು ಸೆನ್ಸರಿನ ಒಳಗೇ ಹೋಗಿರಬೇಕು.

ಕರೆಂಟ್ ಹೋದಾಗ ಹೋಗುತ್ತದೆ, ಅಥವಾ ಸಂಜೆ ದೀಪ ಹಾಕಿದಾಗ ಹೋಗುತ್ತದೆ ಎಂದರೆ ಮನೆಯೊಳಗಿನ ಯಾವುದೋ ಉಪಕರಣದ ಗದ್ದಲ. ಡಿಸ್‌ಪ್ಲೇ ಪಕ್ಕದಲ್ಲಿ ಇನ್ವರ್ಟರ್ ಇದೆಯೇ ನೋಡಿ.

ಹೊತ್ತುಗೊತ್ತಿಲ್ಲದೆ ಬಂದು ಹೋಗುತ್ತಿದ್ದರೆ ಸಿಗ್ನಲ್ ಅಂಚಿನಲ್ಲಿದೆ ಎಂದರ್ಥ. ಅಡ್ಡಲಾಗಿ ಒಂದು ಜೀಪು ನಿಂತರೂ ಸಾಕು, ತಪ್ಪುತ್ತದೆ. ಇದಕ್ಕೆ ಜಾಗ ಬದಲಿಸುವುದೇ ದಾರಿ.

ಬ್ಯಾಟರಿ

ಸೆನ್ಸರಿನ ಮೇಲಿನ ಪುಟ್ಟ ಪರದೆ ಉಷ್ಣತೆ ತೋರಿಸುತ್ತಿದೆ, ಹಾಗಾಗಿ ಬ್ಯಾಟರಿ ಚೆನ್ನಾಗಿದೆ ಎನ್ನುವ ವಾದ ನಿಲ್ಲುವುದಿಲ್ಲ. ಪರದೆಗೆ ಬೇಕಾದ ವಿದ್ಯುತ್ತು ಅತ್ಯಲ್ಪ. ರೇಡಿಯೊ ಸಂದೇಶ ಕಳಿಸುವ ಕ್ಷಣಕ್ಕೆ ಅದರ ಹಲವು ಪಟ್ಟು ಬೇಕು, ಸೋತ ಬ್ಯಾಟರಿ ಅಲ್ಲಿ ಕೈಕೊಡುತ್ತದೆ. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 1.3ಕ್ಕೆ ಇಳಿದಿದ್ದರೆ ಮುಂಗಾರಿಗೆ ಮುಂಚೆ ಬದಲಿಸಿಬಿಡಿ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಈ ಕೆಲಸಕ್ಕೆ ಆಗುವುದಿಲ್ಲ. ಚಾರ್ಜ್ ಮಾಡುವ ಸೆಲ್ಲುಗಳು 1.2 ವೋಲ್ಟಿನವು, ಕೈಪಿಡಿ ಒಪ್ಪಿದರೆ ಮಾತ್ರ ಹಾಕಿ. ಹಳೆಯದು ಹೊಸದು ಬೆರೆಸಬೇಡಿ.

ಬ್ಯಾಟರಿ ಮನೆಯನ್ನು ತೆರೆದಾಗ ಸ್ಪ್ರಿಂಗಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಂಡರೆ ಅಲ್ಲೇ ಸಂಪರ್ಕ ತಪ್ಪಿದೆ. ಆಲ್ಕಲೈನ್ ಸೆಲ್ ಸೋರಿದ ರಸ ಕ್ಷಾರವಾದ್ದರಿಂದ ವಿನೆಗರ್ ಅಥವಾ ನಿಂಬೆರಸ ಅದ್ದಿದ ಹತ್ತಿಕಡ್ಡಿಯಲ್ಲಿ ಒರಸಿದರೆ ಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರಸಿ, ಪೂರ್ತಿ ಒಣಗಿಸಿ ಸೆಲ್ ಹಾಕಿ. ಮುಚ್ಚಳದ ಸುತ್ತಲಿನ ರಬ್ಬರ್ ಅಂಚು ತನ್ನ ಜಾಡಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಅದು ಒಂದು ಕಡೆ ಮಡಚಿಕೊಂಡಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತದೆ, ಇರುವೆಯೂ ಬರುತ್ತದೆ. ಹಲವು ಸೆನ್ಸರುಗಳಲ್ಲಿ ಸಂದೇಶ ಹೋದಾಗಲೆಲ್ಲ ಪುಟ್ಟ ಕೆಂಪು ದೀಪ ಒಮ್ಮೆ ಮಿಂಚುತ್ತದೆ. ಅದು ಮಿಂಚುತ್ತಿದ್ದರೆ ಸೆನ್ಸರ್ ತನ್ನ ಕೆಲಸ ಮಾಡುತ್ತಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಮನೆಯೊಳಗಿನ ಗದ್ದಲ

ಈ ಸ್ಟೇಷನ್ನುಗಳು ಸಾಮಾನ್ಯವಾಗಿ 433, 868 ಅಥವಾ 915 ಮೆಗಾಹರ್ಟ್ಸ್ ಆವರ್ತನ ಬಳಸುತ್ತವೆ. ಆವರ್ತನ ಎಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ. ಒಂದು ಮೆಗಾಹರ್ಟ್ಸ್ ಎಂದರೆ ಹತ್ತು ಲಕ್ಷ ಸಲ. 433ರ ಆಸುಪಾಸಿನಲ್ಲೇ ಕಾರಿನ ರಿಮೋಟ್, ಗೇಟಿನ ರಿಮೋಟ್, ತಂತಿಯಿಲ್ಲದ ಕರೆಗಂಟೆ ಕೂಡ ಕೆಲಸ ಮಾಡುತ್ತವೆ. 915 ಮುಖ್ಯವಾಗಿ ಅಮೆರಿಕದ ಮಾದರಿ. ನಮ್ಮಲ್ಲಿ ಆ ಸುತ್ತಿನ ಆವರ್ತನ ಮೊಬೈಲ್ ಜಾಲಗಳ ಪಾಲು. ಆ ಆಸುಪಾಸಿನಲ್ಲಿ ಪರವಾನಗಿ ಇಲ್ಲದೆ ಬಳಸಲು ಭಾರತದಲ್ಲಿ ಬಿಟ್ಟುಕೊಟ್ಟಿರುವುದು 865ರಿಂದ 868 ಮೆಗಾಹರ್ಟ್ಸ್ ಪಟ್ಟಿ. ಅಮೆರಿಕದಲ್ಲಿರುವ ಮಗಳೋ ಅಳಿಯನೋ ಪ್ರೀತಿಯಿಂದ ತಂದುಕೊಟ್ಟ ಸ್ಟೇಷನ್ ಇಲ್ಲಿ ತೊಡಕು ಕೊಡುವುದಕ್ಕೆ ಇದೂ ಒಂದು ಕಾರಣವಾಗಬಹುದು.

ಟಿವಿ, ಸೆಟ್‌ಟಾಪ್ ಬಾಕ್ಸ್, ಅಗ್ಗದ ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಇನ್ವರ್ಟರ್ ಎಲ್ಲವೂ ಒಂದಿಷ್ಟು ರೇಡಿಯೊ ಗದ್ದಲ ಹೊರಸೂಸುತ್ತವೆ. ಡಿಸ್‌ಪ್ಲೇಯನ್ನು ಇವುಗಳಿಂದ ಎರಡು ಮೀಟರ್ ದೂರ ಇಡಿ. ಆಲೂರು, ಸಕಲೇಶಪುರದ ಕಡೆ ಕಾಡುಹಂದಿ, ಆನೆಯ ಕಾಟಕ್ಕೆ ಹಾಕಿದ ಸೋಲಾರ್ ಬೇಲಿಯನ್ನೂ ಮರೆಯಬೇಡಿ. ತಂತಿಗೆ ಗಿಡ ತಾಗಿ ಚಟ್ ಚಟ್ ಎಂದು ಕಿಡಿ ಹಾರುತ್ತಿದ್ದರೆ ಪ್ರತಿ ಕಿಡಿಯೂ ಒಂದು ರೇಡಿಯೊ ಗದ್ದಲವೇ. ಬೇಲಿಯ ಬುಡ ಸವರಿಸಿದರೆ ಬೇಲಿಗೂ ಒಳ್ಳೆಯದು.

ಡಿಸ್‌ಪ್ಲೇ ಹಿಡಿದು ನಡೆದಾಡಿ

ಅಡಾಪ್ಟರ್ ಕಿತ್ತು, ಬ್ಯಾಟರಿಯ ಮೇಲೆ ಡಿಸ್‌ಪ್ಲೇಯನ್ನು ಸೆನ್ಸರಿನ ಹತ್ತಿರ, ಮೂರು ಮೀಟರ್ ಅಂತರಕ್ಕೆ ಒಯ್ಯಿರಿ. ಅಲ್ಲಿ ಅಂಕಿ ಬಂದರೆ ಎರಡೂ ಯಂತ್ರಗಳು ಆರೋಗ್ಯವಾಗಿವೆ, ತೊಂದರೆ ಇರುವುದು ನಡುವಿನ ಹಾದಿಯಲ್ಲಿ. ನಿಧಾನವಾಗಿ ಮನೆಯತ್ತ ಬನ್ನಿ. ಪ್ರತಿ ಜಾಗದಲ್ಲೂ ಒಂದೆರಡು ನಿಮಿಷ ನಿಲ್ಲಬೇಕು, ಸಂದೇಶ ಬರುವುದೇ ಬಿಟ್ಟು ಬಿಟ್ಟು. ಎಲ್ಲಿ ತಪ್ಪುತ್ತದೆಯೋ ಅಲ್ಲಿ ನಿಂತು ಹಿಂದಿರುಗಿ ನೋಡಿದರೆ ಅಡ್ಡಿ ಕಣ್ಣಿಗೇ ಕಾಣುತ್ತದೆ.

ಒಳಗೆ ಬಂದ ಮೇಲೆ ಒಂದು ಅಚ್ಚರಿಯಿದೆ. ಡಿಸ್‌ಪ್ಲೇಯನ್ನು ಒಂದು ಗೇಣು ಆಚೆ ಸರಿಸಿದರೂ ಸತ್ತ ಸಿಗ್ನಲ್ ಮರಳಿ ಬರಬಹುದು. ಅಲೆ ನೇರವಾಗಿಯೂ ಬರುತ್ತದೆ, ಗೋಡೆ, ಬೀರುಗಳಿಗೆ ಬಡಿದೂ ಬರುತ್ತದೆ. ಕೆಲವು ಬಿಂದುಗಳಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. 868 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್, 433ರದ್ದು ಸುಮಾರು 69. ಅದರ ಕಾಲುಭಾಗದಷ್ಟು ಸರಿಸಿದರೂ ಚಿತ್ರ ಬದಲಾಗುತ್ತದೆ. ಕಬ್ಬಿಣದ ಬೀರುವಿನ ಮೇಲೆ, ಫ್ರಿಜ್ಜಿನ ಮೇಲೆ ಮಾತ್ರ ಇಡಬೇಡಿ.

ಆಂಟೆನಾ ಕಡ್ಡಿ ಎರಡೂ ಕಡೆ ನೆಟ್ಟಗೆ ನಿಂತಿರಲಿ. ನಿಂತ ಕಡ್ಡಿ ಸುತ್ತಲೂ ಅಲೆ ಬೀರುತ್ತದೆ, ತನ್ನ ತುದಿಯ ನೇರಕ್ಕೆ ಬಹಳ ಕಡಿಮೆ. ಇದರಿಂದಾಗಿ ತಾರಸಿಯ ಮೇಲಿನ ಸೆನ್ಸರಿಗೆ ಸರಿಯಾಗಿ ಕೆಳಗಿರುವ ಕೋಣೆಯಲ್ಲಿ ಸಿಗದ ಸಿಗ್ನಲ್ ಪಕ್ಕದ ಕೋಣೆಯಲ್ಲಿ ಸಿಗುವುದುಂಟು.

ವೈಫೈ ಮಾತು

ಹೆಚ್ಚಿನ ಡಿಸ್‌ಪ್ಲೇಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಅರ್ಥವಾಗುತ್ತದೆ, 5 ಗಿಗಾಹರ್ಟ್ಸ್ ಕಾಣಿಸುವುದೇ ಇಲ್ಲ. ಎರಡಕ್ಕೂ ಒಂದೇ ಹೆಸರಿಟ್ಟಿರುವ ರೂಟರುಗಳಲ್ಲಿ ಜೋಡಣೆ ಕೈಕೊಟ್ಟರೆ 2.4ಕ್ಕೆ ಬೇರೆ ಹೆಸರು ಕೊಟ್ಟು ಪ್ರಯತ್ನಿಸಿ. ರೂಟರಿನ ಪಾಸ್‌ವರ್ಡ್ ಬದಲಿಸಿದ್ದರೆ ಡಿಸ್‌ಪ್ಲೇಗೂ ಹೊಸದನ್ನು ಹೇಳಬೇಕು, ಇದನ್ನು ಮರೆಯುವವರೇ ಹೆಚ್ಚು.

ಇಷ್ಟಾದರೂ ಬಾರದಿದ್ದರೆ

ಸೆನ್ಸರ್ ಇರಬೇಕಾದ ಜಾಗ ನಿಜವಾಗಿಯೂ ದೂರವಿದ್ದರೆ, ಉದಾಹರಣೆಗೆ ಗುಡ್ಡದ ಆಚೆಯ ತೋಟದಲ್ಲಿ, ಮನೆಬಳಕೆಯ ಸ್ಟೇಷನ್ನಿನ ಜೊತೆ ಗುದ್ದಾಡಿ ಫಲವಿಲ್ಲ. ಕೆಲವು ತಯಾರಕರು ನಡುವೆ ಇಡುವ ಮರುಪ್ರಸಾರಕ ಮಾರುತ್ತಾರೆ. ಕಿಲೋಮೀಟರುಗಟ್ಟಲೆ ದೂರಕ್ಕೆ ಲೋರಾ ಎಂಬ ತಂತ್ರದ ಸೆನ್ಸರುಗಳಿವೆ. ಸಂದೇಶವನ್ನು ಬಹಳ ನಿಧಾನವಾಗಿ ಕಳಿಸುವುದರಿಂದ ಅದು ಕ್ಷೀಣ ಸಿಗ್ನಲ್ಲಿನಲ್ಲೂ ಅರ್ಥವಾಗುತ್ತದೆ.

ಮೂರು ಮೀಟರ್ ಅಂತರದಲ್ಲಿ, ಹೊಸ ಬ್ಯಾಟರಿಯೊಂದಿಗೆ, ಮರುಜೋಡಣೆಯಾದ ಮೇಲೂ ಗೆರೆಯೇ ಬಂದರೆ ಒಂದು ಘಟಕ ಕೆಟ್ಟಿದೆ. ಬಿಸಿಲು, ಮಳೆ, ಸಿಡಿಲು ಎಲ್ಲವನ್ನೂ ತಿನ್ನುವುದು ಹೊರಗಿನದೇ ಆದ್ದರಿಂದ ಅದರ ಮೇಲೆಯೇ ಮೊದಲ ಅನುಮಾನ. ಹಲವು ಮಾದರಿಗಳಿಗೆ ಸೆನ್ಸರ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಇಡೀ ಸೆಟ್ಟು ಕೊಳ್ಳಬೇಕಾಗಿಲ್ಲ. ತರಿಸುವ ಮುನ್ನ ಹಳೆಯ ಘಟಕದ ಬೆನ್ನಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನೂ ಆವರ್ತನವನ್ನೂ ಫೋಟೊ ತೆಗೆದು ಅಂಗಡಿಯವರಿಗೆ ಕಳಿಸಿ. 433ರ ಡಿಸ್‌ಪ್ಲೇಗೆ 868ರ ಸೆನ್ಸರ್ ಪಕ್ಕದಲ್ಲಿಟ್ಟರೂ ಕೇಳಿಸುವುದಿಲ್ಲ.